ಒಂದು ಕೆ, ಎರಡು ಕೆ: ವಿಳಾಸದ ಒಂದಿಷ್ಟು ಇತಿಹಾಸ

ನಮ್ಮ ಕಡೆ ಬರೀ ಉಗಾರ ಅಂದ್ರೆ ಸಾಲಲ್ಲ. ಖುರ್ದೋ ಬುದ್ರುಕೋ ಅಂತ ಬಿಡಿಸಿ ಹೇಳಬೇಕು. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಲಿಪಿಯ ವಿಳಾಸಗಳು. ಅಂಚೆಯವರ ಈ ತಲೆನೋವಿಗೆ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ ರೇ ಟಾಮ್ಲಿನ್ಸನ್ ಮನುಷ್ಯನ ಹೆಸರು, ಕಂಪ್ಯೂಟರಿನ ಹೆಸರು ಎರಡರ ನಡುವೆ ಆ್ಯಟ್ ಗುರುತು ಇಟ್ಟಿದ್ದರು. ಎರಡರ ಲೆಕ್ಕವೂ ಒಂದೇ: ಮೊದಲು ಊರು ಮುಟ್ಟು, ಆಮೇಲೆ ಮನೆ ಹುಡುಕು.

1986ರಲ್ಲಿ ಎಂಎಕ್ಸ್ ದಾಖಲೆ ಬಂತು. ಯಾವ ಡೊಮೇನಿನ ಪತ್ರವನ್ನು ಯಾವ ಸರ್ವರ್ ಪಡೆಯಬೇಕು ಅಂತ ಹೇಳೋದು ಅದರ ಕೆಲಸ. ಹಲವು ಹಳ್ಳಿಗೆ ಒಂದೇ ಅಂಚೆ ಕಚೇರಿ ಇದ್ದಂತೆ, ಹಲವು ಡೊಮೇನುಗಳಿಗೆ ಒಂದೇ ಸರ್ವರ್ ಸಾಕಾಯಿತು. 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್‌ನಂಥ ಸರ್ವರಿನಲ್ಲಿ ನಾವು ಬರೆಯೋದು ಮುಖ್ಯವಾಗಿ ಮೂರು ಪಟ್ಟಿ: ಯಾವ ಡೊಮೇನು ನಮ್ಮದು, ಅದರಲ್ಲಿ ಯಾರ್ಯಾರಿದ್ದಾರೆ, ಯಾವ ಹೆಸರಿಗೆ ಬಂದದ್ದು ಯಾರಿಗೆ ಹೋಗಬೇಕು. ಕೊನೆಯದಕ್ಕೆ ಅಲಿಯಾಸ್ ಅಂತಾರೆ.

ಅಲಿಯಾಸ್ ಯಾಕೆ ಬೇಕು ಅಂತ ನಮ್ಮ ಸೀಮೆಯನ್ನೇ ಕೇಳಿ. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ, 1973ರಲ್ಲಿ ಮೈಸೂರೇ ಕರ್ನಾಟಕ, 2014ರಲ್ಲಿ ಬೆಳಗಾಂ ಬೆಳಗಾವಿ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಚಿಕ್ಕೋಡಿಯ ನಿಪ್ಪಾಣಿ, ಅಥಣಿಯ ಕಾಗವಾಡ ಸೇರಿದ್ದವು. ಆದರೂ ನಿಪ್ಪಾಣಿ 591237 ಆಗಿಯೇ ಉಳಿಯಿತು. ಪಿನ್ ಕೋಡ್ ತಹಸೀಲ್ದಾರರ ಕಚೇರಿಗೆ ಅಂಟಿಕೊಂಡಿಲ್ಲ, ಪತ್ರ ಹಂಚುವ ಅಂಚೆ ಕಚೇರಿಗೆ ಅಂಟಿಕೊಂಡಿದೆ.

ಇಮೇಲ್ ವಿಳಾಸವನ್ನೂ ಹೀಗೇ ಬದಲಾಗದ್ದಕ್ಕೆ ಕಟ್ಟಬೇಕು. ರಾಯಬಾಗದ ಒಂದು ಸಹಕಾರಿ ಸಂಘ ಗುಮಾಸ್ತನ ಖಾಸಗಿ ಜಿಮೇಲ್ ನಂಬಿದರೆ, ಅವನು ಕೆಲಸ ಬಿಟ್ಟ ದಿನ ಸಂಘದ ಪತ್ರವ್ಯವಹಾರವೂ ಅವನ ಹಿಂದೆ ಹೋಗುತ್ತೆ. ವಿಳಾಸ 'ಕಾರ್ಯದರ್ಶಿ' ಅಂತ ಹುದ್ದೆಯ ಹೆಸರಲ್ಲಿದ್ದರೆ ಅಲಿಯಾಸಿನ ಒಂದು ಸಾಲು ಬದಲಿಸಿದರಾಯ್ತು.

ಇಂಗ್ಲಿಷಿನಲ್ಲಿ ಚಿಕ್ಕೋಡಿಗೆ ಕೆಲವರು ಒಂದು ಕೆ ಬರೀತಾರೆ, ಕೆಲವರು ಎರಡು. ನಿಪ್ಪಾಣಿಯ ಪಿ ಕಥೆಯೂ ಅದೇ. ಎರಡೂ ಕಾಗುಣಿತದ ಡೊಮೇನು ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಿಡಿ. ಆದರೆ ಯಾವ ಹೆಸರಿಗೆ ಬಂದರೂ ಒಳಗೆ ಬಿಟ್ಟುಕೊಳ್ಳುವ ಕ್ಯಾಚ್-ಆಲ್ ಬೇಡ. ಅದರಲ್ಲಿ ಕಸ ತುಂಬಿ, ತಪ್ಪು ವಿಳಾಸದ ಒಳ್ಳೆ ಪತ್ರವೂ ಅಡಿಗೆ ಬೀಳುತ್ತೆ. ಗೊತ್ತಿಲ್ಲದ ಹೆಸರಿಗೆ ಬಾಗಿಲಲ್ಲೇ 550 ಅಂತ ಹೇಳಿ ಕಳಿಸಿದರೆ ಕಳಿಸಿದವರಿಗೂ ತಪ್ಪು ತಿಳಿಯುತ್ತೆ.

ಹೆಸರು ಬದಲಿಸಿದ ಮೇಲೂ ಹಳೇ ಡೊಮೇನಿನ ಬಾಡಿಗೆ ಕಟ್ಟುತ್ತಿರಿ. ಬೆಳಗಾಂ ಅಂತ ಬರೆದ ಲಕೋಟೆಯನ್ನು ಅಂಚೆಯವರು ಇವತ್ತಿಗೂ ಮುಟ್ಟಿಸ್ತಾರೆ. ನೀವು ಬಿಟ್ಟ ಡೊಮೇನನ್ನು ಕೊಂಡವನು ಮಾತ್ರ ನಿಮ್ಮ ಪತ್ರ ತಾನೇ ಒಡೆದು ಓದಬಲ್ಲ.