ಸ್ವಿಚ್ ಹಾಕುವವರುಂಟು, ಕೀಳುವವರಿಲ್ಲ

ಹಳೆಯ ಮನೆಗಳ ಸ್ವಿಚ್‌ಬೋರ್ಡಿನಲ್ಲಿ ಯಾವ ದೀಪಕ್ಕೂ ಯಾವ ಫ್ಯಾನಿಗೂ ಸೇರದ ಸ್ವಿಚ್ಚೊಂದು ಇದ್ದೇ ಇರುತ್ತದೆ. ಯಾಕಿದೆಯೋ ಮನೆಯವರಿಗೆ ಗೊತ್ತಿಲ್ಲ. ಒತ್ತುವ ಧೈರ್ಯ ಯಾರಿಗೂ ಇಲ್ಲ, ಕೀಳಿಸುವ ಪುರುಸೊತ್ತೂ ಇಲ್ಲ. ಸಾಫ್ಟ್‌ವೇರಿನಲ್ಲಿ ಫೀಚರ್ ಫ್ಲ್ಯಾಗ್ ಎಂಬುದರ ಕಥೆಯೂ ಬಹುಪಾಲು ಇಷ್ಟೇ. ಮೂಲದಲ್ಲಿ ಅದು ಬರಿಯ ಒಂದು ‘ಇಫ್’ ಸಾಲು: ಫ್ಲ್ಯಾಗ್ ಆನ್ ಇದ್ದರೆ ಹೊಸ ಕೋಡ್ ಓಡಲಿ, ಇಲ್ಲವಾದರೆ ಹಳೆಯದೇ ಓಡಲಿ. ಆದರೆ ಈ ಒಂದು ಸಾಲಿನಿಂದಾಗಿ, ಕೋಡ್ ಸರ್ವರಿಗೆ ಏರುವ ದಿನವೇ ಜನರ ಕಣ್ಣಿಗೂ ಬೀಳಬೇಕೆಂಬ ಕಟ್ಟು ಕಳಚಿತು.

ಅದರ ಶಕ್ತಿ ದೊಡ್ಡದಾಗಿ ಗೊತ್ತಾದದ್ದು 2008ರಲ್ಲಿ, ಫೇಸ್‌ಬುಕ್ ಚಾಟ್ ಶುರುಮಾಡಿದಾಗ. ಒಂದೇ ರಾತ್ರಿಯಲ್ಲಿ 7 ಕೋಟಿ ಬಳಕೆದಾರರಿಗೆ ಬಾಗಿಲು ತೆರೆಯಬೇಕಿತ್ತು. ಎಂಜಿನಿಯರುಗಳು ಮೊದಲು ಚಾಟ್‌ನ ಕೋಡನ್ನು ಪುಟದೊಳಗೆ ಸದ್ದಿಲ್ಲದೆ ಸೇರಿಸಿದರು. ತೆರೆಯ ಮೇಲೆ ಏನೂ ಕಾಣಿಸುತ್ತಿರಲಿಲ್ಲ, ಆದರೆ ಬಳಕೆದಾರರ ಬ್ರೌಸರುಗಳು ಚಾಟ್ ಸರ್ವರುಗಳಿಗೆ ಸಂಪರ್ಕ ಬೆಳೆಸಿ ಸುಳ್ಳು ಸಂದೇಶಗಳನ್ನು ಕಳಿಸುತ್ತಿದ್ದವು. ಭಾರ ತಡೆಯುತ್ತದೆಂದು ಖಾತ್ರಿಯಾದ ಮೇಲೆ ಪರದೆ ಸರಿಸಿದರು. ಮರುವರ್ಷದ ಡಿಸೆಂಬರಿನಲ್ಲಿ ಫೋಟೊ ಹಂಚಿಕೆಯ ತಾಣ ಫ್ಲಿಕರ್‌ನ ತಂಡ ತನ್ನ ಪದ್ಧತಿಯನ್ನು ಬರೆದು ಪ್ರಕಟಿಸಿತು: ನಮ್ಮಲ್ಲಿ ಬೇರೆ ಬೇರೆ ಬ್ರಾಂಚುಗಳಿಲ್ಲ, ಎಲ್ಲರೂ ಒಂದೇ ಕೋಡಿನಲ್ಲಿ ಕೆಲಸ ಮಾಡುತ್ತೇವೆ, ಅರೆಬೆಂದದ್ದನ್ನು ಫ್ಲ್ಯಾಗ್ ಹಿಂದೆ ಮುಚ್ಚಿಡುತ್ತೇವೆ. ತಿಂಗಳುಗಟ್ಟಲೆ ಬೇರೆಯಾಗಿದ್ದ ಬ್ರಾಂಚುಗಳನ್ನು ಮರ್ಜ್ ಮಾಡಿ ಕೈ ಸುಟ್ಟುಕೊಂಡವರಿಗೆ ಇದು ವರದಂತೆ ಕಂಡಿತು. 2010ರಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಇದರ ಬಗ್ಗೆ ಬರೆದಾಗ ಕೊಟ್ಟ ಎಚ್ಚರಿಕೆಯನ್ನು ಮಾತ್ರ ಬಹಳ ಜನ ಓದಿದಂತಿಲ್ಲ: ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಬಿಡುಗಡೆ ಮಾಡಲು ಆಗುವುದಾದರೆ ಅದೇ ಮೇಲು, ಫ್ಲ್ಯಾಗ್ ಕೊನೆಯ ದಾರಿ.

ಬ್ಯಾಕೆಂಡಿನಲ್ಲಿ ಈ ವಿದ್ಯೆ ಬೇಗ ಪಳಗಿತು. ನೂರಕ್ಕೆ ಹತ್ತು ಜನರಿಗೆ ಮಾತ್ರ ಹೊಸದನ್ನು ತೋರಿಸಬೇಕು ಅನ್ನಿ. ಬಳಕೆದಾರರ ಐಡಿಗೆ ಫ್ಲ್ಯಾಗಿನ ಹೆಸರನ್ನು ಅಂಟಿಸಿ ಹ್ಯಾಶ್ ಮಾಡಿ, ಬಂದದ್ದನ್ನು 0ಯಿಂದ 99ರೊಳಗಿನ ಸಂಖ್ಯೆಗೆ ಇಳಿಸುತ್ತಾರೆ. ಅದು ಹತ್ತಕ್ಕಿಂತ ಕಡಿಮೆಯಾದರೆ ಹೊಸ ದಾರಿ. ಹೆಸರನ್ನು ಅಂಟಿಸದಿದ್ದರೆ ಪ್ರತಿಸಲವೂ ಅದೇ ಹತ್ತು ಜನ ಎಲ್ಲ ಪ್ರಯೋಗಗಳಿಗೂ ಬಲಿ! ವೆಬ್‌ನಲ್ಲಿ ಬೇರೆಯೇ ತೊಡಕು. ಫ್ಲ್ಯಾಗಿನ ಬೆಲೆ, ಅಂದರೆ ಆನ್ ಅಥವಾ ಆಫ್ ಎಂಬುದು, ಬ್ರೌಸರಿಗೆ ತಡವಾಗಿ ಬಂದರೆ ಹಳೆಯ ಪುಟ ಮಿಂಚಿ ಮಾಯವಾಗಿ ಹೊಸದು ಬರುತ್ತದೆ, ನೋಡುವವರ ಕಣ್ಣು ಕುಕ್ಕುತ್ತದೆ. ಹಾಗಾಗಿ ಸರ್ವರಿನಲ್ಲೇ ತೀರ್ಮಾನಿಸಿ ಪುಟದ ಜೊತೆಗೇ ಕಳಿಸುವುದು ರೂಢಿಯಾಯಿತು. ಬಳಕೆದಾರರ ಕೈಗೆ ಹೋದ ಕೋಡಿನಲ್ಲಿ ಗುಟ್ಟು ನಿಲ್ಲುವುದಿಲ್ಲ ಅನ್ನುವುದು ಇನ್ನೊಂದು. ಹಾಂಗ್‌ಕಾಂಗ್‌ನ ಜೇನ್ ಮಂಚುನ್ ವಾಂಗ್ ಹೆಸರಾದದ್ದೇ, ದೊಡ್ಡ ಕಂಪನಿಗಳು ಆ್ಯಪಿನೊಳಗೆ ಮುಚ್ಚಿಟ್ಟ ಫೀಚರುಗಳನ್ನು ಬಿಡುಗಡೆಗೆ ಮೊದಲೇ ಹುಡುಕಿ ತೆಗೆದು.

ಮೊಬೈಲಿಗೆ ಬಂದರೆ ಫ್ಲ್ಯಾಗ್ ಅನುಕೂಲವಲ್ಲ, ಅನಿವಾರ್ಯ. ಸರ್ವರಿನಲ್ಲಿ ತಪ್ಪಾದರೆ ಹಿಂದಿನ ಆವೃತ್ತಿಗೆ ಮರಳಬಹುದು. ಫೋನಿಗೆ ಇಳಿದ ಆ್ಯಪನ್ನು ವಾಪಸ್ ಕರೆಯುವಂತಿಲ್ಲ. ಆ್ಯಪಲ್‌ನ ಹಂತಹಂತದ ಬಿಡುಗಡೆ ಮೊದಲ ದಿನ ಶೇಕಡಾ 1 ಜನರಿಂದ ಶುರುವಾಗಿ ಏಳನೇ ದಿನ ಎಲ್ಲರಿಗೂ ತಲುಪುತ್ತದೆ. ನಡುವೆ ನಿಲ್ಲಿಸಬಹುದು, ಆದರೆ ಆಗಲೇ ಇಳಿದದ್ದು ಇಳಿದದ್ದೇ. 2016ರಲ್ಲಿ ಗೂಗಲ್‌ನ ಫೈರ್‌ಬೇಸ್ ರಿಮೋಟ್ ಕಾನ್ಫಿಗ್ ಬಂದ ಮೇಲೆ ಸಣ್ಣ ತಂಡಗಳಿಗೂ ದೂರದಿಂದ ಸ್ವಿಚ್ ಒತ್ತುವುದು ಸಾಧ್ಯವಾಯಿತು. ಆದರೆ ಅದರಲ್ಲಿ ಹೊಸ ಬೆಲೆ ತರಿಸಿಕೊಳ್ಳುವ ಅವಧಿ, ನಾವಾಗಿ ಬದಲಿಸದಿದ್ದರೆ, 12 ಗಂಟೆ. ತುರ್ತಾಗಿ ಆಫ್ ಮಾಡಿ ನಿಟ್ಟುಸಿರು ಬಿಟ್ಟವರ ಗ್ರಾಹಕರು ಅರ್ಧ ದಿನ ಕೆಟ್ಟ ಪರದೆಯನ್ನೇ ನೋಡುತ್ತಿರಬಹುದು. ತಕ್ಷಣ ತಲುಪುವ ವ್ಯವಸ್ಥೆ ಸೇರಿದ್ದು 2023ರಲ್ಲಿ. ಇನ್ನೂ ಸೂಕ್ಷ್ಮವಾದ ಬಲೆಯೊಂದಿದೆ. ಎರಡು ವರ್ಷ ಅಪ್‌ಡೇಟ್ ಮಾಡದ ಫೋನಿನಲ್ಲಿ ಹಳೆಯ ‘ಇಫ್’ ಹಾಗೇ ಕೂತಿರುತ್ತದೆ. ಇನ್ನೇಕೆ ಬೇಕೆಂದು ಸರ್ವರಿನಿಂದ ಫ್ಲ್ಯಾಗ್ ಅಳಿಸಿದರೆ, ಆ ಫೋನು ಆ್ಯಪಿನೊಳಗೆ ಹುದುಗಿಸಿದ ಡೀಫಾಲ್ಟ್ ಬೆಲೆಗೆ ಮರಳುತ್ತದೆ. ಅದು ಸಾಮಾನ್ಯವಾಗಿ ಆಫ್.

ಹಳೆಯ ಸ್ವಿಚ್ ಎಷ್ಟು ದುಬಾರಿ ಎಂದು ಕೇಳುವವರಿಗೆ ನ್ಯೂಯಾರ್ಕ್ ಷೇರುಪೇಟೆಯ 2012ರ ಆಗಸ್ಟ್ 1 ಉತ್ತರ. ನೈಟ್ ಕ್ಯಾಪಿಟಲ್ ಕಂಪನಿಯ ಕೋಡಿನಲ್ಲಿ ಪವರ್ ಪೆಗ್ ಎಂಬ ಭಾಗವಿತ್ತು. 2003ರಿಂದ ಬಳಕೆಯಲ್ಲಿರಲಿಲ್ಲ, ಆದರೆ ಯಾರೂ ಅಳಿಸಿರಲಿಲ್ಲ. ಹೊಸ ಕೋಡ್ ಬರೆದವರು ಅದನ್ನು ಆನ್ ಮಾಡುತ್ತಿದ್ದ ಹಳೆಯ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ಮರೆತುಹೋಯಿತು. ಬೆಳಿಗ್ಗೆ 9:30ಕ್ಕೆ ಪೇಟೆ ತೆರೆದಾಗ ಏಳು ಸರ್ವರುಗಳು ಹೊಸದನ್ನು ನಡೆಸಿದವು, ಎಂಟನೆಯದರಲ್ಲಿ ಒಂಬತ್ತು ವರ್ಷ ಮಲಗಿದ್ದ ಪವರ್ ಪೆಗ್ ಎದ್ದಿತು. ಆರ್ಡರ್ ಪೂರ್ತಿಯಾಯಿತೆಂದು ಅದಕ್ಕೆ ತಿಳಿಸುವ ಭಾಗವನ್ನು 2005ರಲ್ಲೇ ಬೇರೆಡೆಗೆ ಸರಿಸಿದ್ದರು. ಅದು ನಿಲ್ಲದೆ ಆರ್ಡರ್ ಕಳಿಸುತ್ತಲೇ ಹೋಯಿತು. ಗಾಬರಿಯಲ್ಲಿ ತಂಡದವರು ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಹೊಸ ಕೋಡ್ ತೆಗೆದರು, ಅಂದರೆ ಎಂಟೂ ಸರ್ವರುಗಳಲ್ಲಿ ಪವರ್ ಪೆಗ್! 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಮರುವರ್ಷ ಕಂಪನಿ ಮತ್ತೊಂದರಲ್ಲಿ ವಿಲೀನವಾಯಿತು.

ಹಾಗೆಂದು ಫ್ಲ್ಯಾಗೇ ಬೇಡ ಎನ್ನುವಂತಿಲ್ಲ. 2025ರ ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನಾದ್ಯಂತ ಕುಸಿದಾಗ, ಅದಕ್ಕೆ ಕಾರಣವಾದ, ಮೇ 29ರಂದು ಸೇರಿಸಿದ್ದ ಕೋಡಿಗೆ ಫ್ಲ್ಯಾಗಿನ ರಕ್ಷಣೆ ಇರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು.

ಕಳೆದ ಹತ್ತು ವರ್ಷಗಳಲ್ಲಿ ಸ್ವಿಚ್ ಹಾಕುವುದು ಒಂದು ಉದ್ಯಮವೇ ಆಗಿದೆ. 2014ರಲ್ಲಿ ಹುಟ್ಟಿದ ಲಾಂಚ್‌ಡಾರ್ಕ್ಲಿ ಇದನ್ನೇ ಸೇವೆಯಾಗಿ ಮಾರುತ್ತದೆ. ನಾರ್ವೆಯಿಂದ ಬಂದ ಅನ್‌ಲೀಶ್ ಓಪನ್ ಸೋರ್ಸ್. ಯಾರ ಸೇವೆ ಕೊಂಡರೂ ಕೋಡ್ ಬದಲಿಸಬೇಕಾಗದಂತೆ 2022ರಿಂದ ಓಪನ್‌ಫೀಚರ್ ಎಂಬ ಮಾನಕವೂ ಇದೆ. ಸ್ವಿಚ್ ಈಗ ಪ್ರೋಗ್ರಾಮರ್ ಕೈಬಿಟ್ಟು ಪ್ರಾಡಕ್ಟ್ ಮ್ಯಾನೇಜರ್‌ನ ಡ್ಯಾಶ್‌ಬೋರ್ಡಿಗೆ ಬಂದಿದೆ. ಕೀಳುವ ಬಗ್ಗೆ ತಲೆಕೆಡಿಸಿಕೊಂಡವರು ಮಾತ್ರ ಕಡಿಮೆ. ಅಂಥವರಲ್ಲಿ ಉಬರ್ ತಂಡ ಮುಖ್ಯ. ಸತ್ತ ಫ್ಲ್ಯಾಗುಗಳನ್ನು ಕೋಡಿನಿಂದ ತಾನಾಗಿ ಕತ್ತರಿಸುವ ಪಿರಾನ್ಹ ಎಂಬ ಸಾಧನವನ್ನು ಅದು 2020ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರ ಹಿಂದಿದ್ದ ಮುರಳಿಕೃಷ್ಣ ರಾಮನಾಥನ್ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದವರು. ಆ ವರ್ಷದ ಅವರ ಪ್ರಬಂಧದ ಪ್ರಕಾರ ಪಿರಾನ್ಹ ಕೈಯಿಟ್ಟದ್ದು 1381 ಫ್ಲ್ಯಾಗುಗಳಿಗೆ, ಅಂದರೆ ಕಂಪನಿಯಲ್ಲಿದ್ದ ಒಟ್ಟು ಫ್ಲ್ಯಾಗುಗಳಲ್ಲಿ ಶೇಕಡಾ 17.