ಕೈ ಹಚ್ಚಲೇ, ತಳ ಹತ್ತೀತು!

ಮೈಸೂರು ಕಡೆಯಿಂದ ರಾಯಬಾಗ ತಾಲೂಕಿನ ಬ್ಯಾಂಕೊಂದಕ್ಕೆ ವರ್ಗವಾಗಿ ಬಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕೌಂಟರಿನ ಮುಂದೆ ನಿಂತ ರೈತರೊಬ್ಬರು "ಆಧಾರ ಹತ್ತತೈತೇನ್ರಿ?" ಎಂದು ಕೇಳಿದರಂತೆ. ಆಧಾರ್ ಕಾರ್ಡು ಎಲ್ಲಿಗೆ ಹತ್ತಬೇಕು ಎಂದು ತಿಳಿಯದೆ ಇವರು ಬಾಯಿ ಬಿಟ್ಟುಕೊಂಡು ಕೂತರಂತೆ. "ಗಡಿನಾಡು, ಮರಾಠಿ ಕಲಿಯದೆ ಗತಿಯಿಲ್ಲ ಅನ್ನಿಸಿ ಮೂವತ್ತು ದಿನದ ಪುಸ್ತಕ ತಂದಿದ್ದೇನೆ. ಕಚೇರಿಗೆ ಬೇಕಾಗುವ ಕ್ರಿಯಾಪದಗಳ ಪಟ್ಟಿ ಕೊಡಿ" ಎಂಬುದು ಅವರ ಬೇಡಿಕೆ.

ಪುಸ್ತಕ ಕಪಾಟಿನಲ್ಲಿರಲಿ ಸ್ವಾಮಿ. ಆ ರೈತರು ಆಡಿದ್ದು ಅಪ್ಪಟ ಕನ್ನಡ. ಆಧಾರ್ ಬೇಕಾಗುತ್ತದೆಯೇ ಎಂದು ಕೇಳಿದ್ದು, ಅಷ್ಟೆ. ನಿಮಗೆ ಬೇಕಾಗುವುದು ನಮಗೆ ಹತ್ತಲು ತೊಡಗಿ ಎಷ್ಟೋ ಕಾಲವಾಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳಲ್ಲಿ ದುಡಿಮೆ ನಿಂತಿರುವುದು ಎರಡು ಕ್ರಿಯಾಪದಗಳ ಮೇಲೆ: ಹತ್ತು, ಹಚ್ಚು. ಫೋನು ಹಚ್ಚುತ್ತೇವೆ, ಹತ್ತುವುದಿಲ್ಲ. ಮಗನನ್ನು ಕೆಲಸಕ್ಕೆ ಹಚ್ಚುತ್ತೇವೆ. ಹತ್ತುತ್ತಾನೆ, ಆಮೇಲೆ ಅವನಿಗೆ ಬೇರೆ ಚಟ ಹತ್ತುತ್ತದೆ. ಸಸಿ ಹಚ್ಚುತ್ತೇವೆ, ಹತ್ತಿದರೆ ನಮ್ಮ ಪುಣ್ಯ. ಅರ್ಜಿಗೆ ಉತಾರ (ಪಹಣಿ) ಹಚ್ಚಬೇಕು, ಅದಕ್ಕೆ ವೇಳೆ ಹತ್ತತೈತಿ, ರೊಕ್ಕಾನೂ ಹತ್ತತಾವ. ಸಾಹೇಬರು ಎಲ್ಲಿ ಎಂದರೆ "ಬರಾಕ ಹತ್ತ್ಯಾರ". ಹತ್ತು ಒಂದು ಕಾಲಕ್ಕೆ ಪತ್ತು ಆಗಿತ್ತು ಎಂಬ ಸಂಗತಿಯನ್ನು ನಿಘಂಟಿನವರಿಗೆ ಬಿಡುತ್ತೇನೆ. ಪತ್ತು ಎಂದು ಯಾರೂ ಈಗ ಬಸ್ಸು ಹತ್ತುವುದಿಲ್ಲ.

ಇನ್ನು ಮರಾಠಿ. ಹತ್ತು ಇದ್ದಲ್ಲಿ ಲಾಗಣೆ ಇಡಿ, ಹಚ್ಚು ಇದ್ದಲ್ಲಿ ಲಾವಣೆ ಇಡಿ. ಫೋನ ಲಾವ, ಕಾಮಾಲಾ ಲಾವ, ರೋಪ ಲಾವ, ವೇಳ ಲಾಗತೋ, ಪೈಸೆ ಲಾಗತಾತ. ಕಚೇರಿಯ ಮರಾಠಿ ಅರ್ಧ ಮುಗಿಯಿತು, ಪುಸ್ತಕದ ಹಣ ನಷ್ಟವಾಯಿತು.

ಹೀಗೇಕೆ ಎಂಬುದಕ್ಕೆ ನನ್ನದೊಂದು ಸಿದ್ಧಾಂತವಿದೆ. ಅದು ಹುಟ್ಟಿದ್ದು ಕೃಷ್ಣಾ ದಂಡೆಯ ಒಂದು ಗಾಣದ ಮನೆಯಲ್ಲಿ. ಚಳಿಗಾಲ ಬಂತೆಂದರೆ ನಾವು ಹುಡುಗರು ಬಿಸಿ ಬೆಲ್ಲದ ಆಸೆಗೆ ಅಲ್ಲಿಯೇ ಬಿಡಾರ ಹೂಡುತ್ತಿದ್ದೆವು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯುತ್ತಿತ್ತು. ಬೆಂಡಿಗಿಡ ಜಜ್ಜಿ ತೆಗೆದ ಲೋಳೆ ಸುರಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದು, ಅದನ್ನು ಜರಡಿಯಂಥ ಸೌಟಿನಿಂದ ತೆಗೆದು ಚೆಲ್ಲುವುದು. ಹದ ನೋಡಲು ಒಬ್ಬ ಮುದುಕನಿದ್ದ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಉಂಡೆ ಕಟ್ಟಿತೋ ಇಲ್ಲವೋ ನೋಡುವವನು ಅವನೊಬ್ಬನೇ. ಹದ ತಪ್ಪಿ ಬೆಲ್ಲ ಕಪ್ಪಾದರೆ ಕೊಲ್ಲಾಪುರದ ಪೇಟೆಯಲ್ಲಿ ದರ ಬೀಳುತ್ತಿತ್ತು. ತಿರುವುವವರು ನಮ್ಮೂರ ಕನ್ನಡದವರು, ಉರಿ ಹಾಕುವವರು ಆಚೆ ಊರಿನ ಮರಾಠಿಯವರು. ಪಾಕ ಗಟ್ಟಿಯಾಗುವ ಹೊತ್ತಿಗೆ ಮುದುಕ ಈ ಕಡೆ ತಿರುಗಿ "ಕೈ ಹಚ್ಚಲೇ, ತಳ ಹತ್ತೀತು!" ಎಂದು ಒದರುತ್ತಿದ್ದ. ಅದೇ ಉಸಿರಿನಲ್ಲಿ ಆ ಕಡೆ ತಿರುಗಿ "ಹಾತ ಲಾವ ರೇ, ಖಾಲೀ ಲಾಗಲ್!" ಎನ್ನುತ್ತಿದ್ದ. ಮಾತು ಎರಡು, ಅಚ್ಚು ಒಂದೇ. ಕುದಿಯುವ ಕೊಪ್ಪರಿಗೆಯ ಮುಂದೆ ವಾಕ್ಯವನ್ನು ಬೇರೆ ಬೇರೆ ಕಟ್ಟುತ್ತ ಕೂರಲು ಅವನಿಗೆ ಪುರಸೊತ್ತೆಲ್ಲಿ?

ನನ್ನ ವಾದ ಇಷ್ಟೇ: ನಾಮಪದಗಳು ಸಂತೆಯಲ್ಲಿ ಕೈ ಬದಲಾಯಿಸುತ್ತವೆ, ಕ್ರಿಯಾಪದಗಳು ಒಂದಾಗುವುದು ಕೆಲಸದ ಜಾಗದಲ್ಲಿ. ಹೇಳಿದ್ದು ಆ ಕ್ಷಣವೇ ತಿಳಿಯದಿದ್ದರೆ ಎಲ್ಲಿ ನಷ್ಟವೋ ಅಲ್ಲಿ ಎರಡು ಭಾಷೆಗಳು ಒಂದೇ ಜಾಡು ಹಿಡಿಯುತ್ತವೆ. ಹಿಂದಿಯಲ್ಲೂ ಲಗನಾ, ಲಗಾನಾ ಇವೆಯಲ್ಲ ಎಂದು ಯಾರಾದರೂ ಪತ್ರ ಬರೆಯುವುದು ಖಂಡಿತ. ಇರಲಿ. ಬೆಲ್ಲ ಕಾಯಿಸಿದ್ದು ನಾವು ಮಾತ್ರ ಎಂದು ನಾನು ಹೇಳಿಲ್ಲ.

ವಿದ್ವಾಂಸರ ಸಾಕ್ಷಿ ಬೇಕೆನ್ನುವವರು ಕಾಗವಾಡದಿಂದ ಮೀರಜ ದಾಟಿ ಕುಪವಾಡಕ್ಕೆ ಹೋಗಬೇಕು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು 1971ರಲ್ಲಿ ಪ್ರಕಟಿಸಿದ ಲೇಖನದಿಂದ ಆ ಊರು ಭಾಷಾವಿಜ್ಞಾನಿಗಳ ಲೋಕದಲ್ಲೆಲ್ಲ ಹೆಸರಾಯಿತು. ಅಲ್ಲಿಯ ಕನ್ನಡ, ಮರಾಠಿ, ಉರ್ದು ಮೂರೂ ತಮ್ಮ ತಮ್ಮ ಶಬ್ದಗಳನ್ನು ಉಳಿಸಿಕೊಂಡೇ ಒಂದೇ ವ್ಯಾಕರಣಕ್ಕೆ ಒಗ್ಗಿದ್ದವು. ಒಂದು ಭಾಷೆಯ ವಾಕ್ಯದ ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಪದ ಕೂಡಿಸಿದರೆ ಸಾಕು. ಅವರು ಉದಾಹರಣೆಗೆ ಆರಿಸಿದ ವಾಕ್ಯ ಯಾವುದು ಗೊತ್ತೇ? ತಪ್ಪಲು ಕೊಯ್ದು ತಂದ ಮಾತು. ಮತ್ತೆ ಕೆಲಸವೇ! ಮನೆಯೊಳಗೆ ಪ್ರತಿಯೊಬ್ಬರೂ ತಮ್ಮ ಭಾಷೆ ಬಿಡಲಿಲ್ಲ, ಹೊರಗಿನ ವ್ಯವಹಾರದಲ್ಲಿ ದಿನವೂ ಭಾಷೆ ಬದಲಿಸುತ್ತಿದ್ದರು ಎಂದೂ ಅವರು ಕಂಡರು.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಹೋದರೆ ಇದರ ತದ್ವಿರುದ್ಧ ಕಾಣುತ್ತದೆ. ಚಾವುಂಡರಾಯ ಮಾಡಿಸಿದ ಎಂಬುದನ್ನು ಕನ್ನಡದಲ್ಲಿ 'ಮಾಡಿಸಿದಂ' ಎಂದೂ ಮರಾಠಿಯಲ್ಲಿ 'ಕರವಿಯಲೇಂ' ಎಂದೂ ಬೇರೆ ಬೇರೆ ಕೆತ್ತಿದ್ದಾರೆ. ಮಾಡಿಸಿದವರ ಕಲ್ಲಿನಲ್ಲಿ ಭಾಷೆಗಳು ಮೈಗೆ ಮೈ ತಾಗದಂತೆ ನಿಲ್ಲುತ್ತವೆ. ಬೆಟ್ಟ ಕಡಿದ ಕೂಲಿಗಳು ಹೇಗೆ ಮಾತಾಡಿದರೋ, ಅದನ್ನು ಯಾರು ಕೆತ್ತುತ್ತಾರೆ?

ನನ್ನ ಸಿದ್ಧಾಂತಕ್ಕೆ ಪುರಾವೆ ನಮ್ಮ ಹೊಟ್ಟೆಯಲ್ಲೂ ಇದೆ. ಮರಾಠಿಯವರಿಗೆ ಹಸಿವೆ ಹತ್ತುತ್ತದೆ: ಭೂಕ ಲಾಗಲೀ. ನೀರಡಿಕೆಯೂ ಹತ್ತುತ್ತದೆ: ತಹಾನ ಲಾಗಲೀ. ನಮಗೆ ಹಸಿವಿ ಆಗೈತಿ, ನೀರಡಿಕಿ ಆಗೈತಿ. ಇವು ಅವ್ವನ ಹತ್ತಿರ ಆಡುವ ಮಾತುಗಳು, ಮನೆಯ ಹೊಸ್ತಿಲು ದಾಟಲಿಲ್ಲ. ಹಾಗಾದರೆ ನಿದ್ದೆ ಮಾತ್ರ ಏಕೆ ಎರಡರಲ್ಲೂ ಹತ್ತುತ್ತದೆ ಎಂದು ಕೇಳಬಹುದು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿ ಸಾಲಿನಲ್ಲಿ ರಾತ್ರಿ ಕಳೆದವರನ್ನು ಕೇಳಿ. ನಿದ್ದೆ ಹತ್ತುವುದೇ ಕೆಲಸದ ಜಾಗದಲ್ಲಿ.

ಅಮೆರಿಕದಲ್ಲಿ ಹೋಟೆಲಿನ ಅಡುಗೆಮನೆ, ಕಟ್ಟಡದ ಕೆಲಸಗಳ ಮೇಲ್ವಿಚಾರಕರಿಗೆಂದೇ ಸ್ಪ್ಯಾನಿಷ್ ಕ್ರಿಯಾಪದಗಳ ಕೈಪಿಡಿಗಳಿವೆ. ಅವುಗಳಲ್ಲಿ 'ಪೊನೆರ್' ಎಂಬುದನ್ನು ನೋಡಿ ನನಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಇಡುವುದಕ್ಕೂ ಅದೇ, ಟೀವಿ ಹಚ್ಚುವುದಕ್ಕೂ ಅದೇ. ಅದಕ್ಕೆ 'ಸೆ' ಅಂಟಿಸಿ 'ಪೊನೆರ್ಸೆ' ಮಾಡಿದರೆ ಕೆಲಸಕ್ಕೆ ಹತ್ತುವುದೂ ಆಯಿತು. ದುಡಿಯುವ ಜನ ಎಲ್ಲೇ ಇರಲಿ, ಒಂದೇ ಕ್ರಿಯಾಪದದಿಂದ ಹತ್ತಾರು ಕೆಲಸ ತೆಗೆಯುತ್ತಾರೆ.

ಹೊಟ್ಟೆ ಉರಿಯುವುದು ನಮ್ಮದೇ ಈಗಿನ ಹುಡುಗರನ್ನು ಕಂಡು. ಕಾಲ್ ಮಾಡು, ಪಾರ್ಕ್ ಮಾಡು, ಅಟ್ಯಾಚ್ ಮಾಡು, ಸ್ಟಾರ್ಟ್ ಮಾಡು. ಮುಂದೆ ಯಾವ ಇಂಗ್ಲಿಷ್ ಶಬ್ದವಾದರೂ ಬರಲಿ, ಹಿಂದೆ ಮಾಡು ಕಾಯಂ. ಮರಾಠಿ ಶಾಲೆಯ ಹುಡುಗರೂ ಕರ, ಕರ ಎನ್ನುವುದು ಕೇಳಿಸುತ್ತದೆ. ಎರಡು ಭಾಷೆಗಳು ಮತ್ತೆ ಒಂದೇ ಜಾಡು ಹಿಡಿದಿವೆ, ನಿಜ. ಆದರೆ ಈ ಸಲ ಒದರಿ ಕಲಿಸಿದ್ದು ಗಾಣದ ಮುದುಕನಲ್ಲ, ಅಂಗೈಯ ಮೊಬೈಲು. ಮಾಡು ಎಲ್ಲಕ್ಕೂ ಸಾಕು ಎನ್ನುವವರು ಒಂದು ದಿನ ಹಚ್ಚು ಬಿಟ್ಟು ಬಾಳಲಿ: ಸಂಜೆ ದೀಪ ಮಾಡಲಿ, ಹಣೆಗೆ ಕುಂಕುಮ ಮಾಡಲಿ, ಮಗನನ್ನು ಕೆಲಸಕ್ಕೆ ಮಾಡಲಿ.