ಹೋಲ್ಡ್ ಸಂಗೀತ ಮತ್ತು ಕಾಯುವವರ ಕಾಲಾನುಭವ

ದೂರವಾಣಿಯಲ್ಲಿ ಕರೆ ಮಾಡಿದವರನ್ನು ಕಾಯಿಸುವಾಗ ಅವರಿಗೆ ಕೇಳಿಸುವ ಸಂಗೀತವನ್ನು ಹೋಲ್ಡ್ ಸಂಗೀತ ಎನ್ನುತ್ತಾರೆ. ಅದರ ನಡುನಡುವೆ ಧ್ವನಿಮುದ್ರಿತ ಮಾತು, ಕ್ಷಮಾಯಾಚನೆ, ಸರದಿಯ ಸೂಚನೆಗಳೂ ಬರುವುದುಂಟು. ಗಡಿಯಾರದ ಲೆಕ್ಕದ ಕಾಲವನ್ನು ಇದು ಕಡಿಮೆ ಮಾಡುವುದಿಲ್ಲ. ಕಾಯುವವರ ಅನುಭವದ ಕಾಲವನ್ನು ಮಾತ್ರ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ.

ಕಾಯುವಿಕೆಯನ್ನು ಮೊದಲು ಗಣಿತದ ಸಮಸ್ಯೆಯಾಗಿ ಕಂಡವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಅರ್ಲಾಂಗ್. 1909 ಮತ್ತು 1917ರ ಅವರ ಪ್ರಬಂಧಗಳು ಇಷ್ಟು ಕರೆಗಳಿಗೆ ಎಷ್ಟು ಲೈನುಗಳು ಬೇಕು, ಸರದಿ ಎಷ್ಟು ಬೆಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಿದವು. ಕಾಯುವವರ ಮನಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆ ಆ ಸೂತ್ರಗಳ ಹೊರಗೇ ಉಳಿಯಿತು.

ಅದಕ್ಕೆ ಸಂಗೀತದ ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಅಮೆರಿಕದ ಕಾರ್ಖಾನೆ ಮಾಲೀಕ ಆಲ್‌ಫ್ರೆಡ್ ಲೆವಿ ಅವರ ದೂರವಾಣಿಯ ತಂತಿಯೊಂದು ಸಡಿಲವಾಗಿ ಕಟ್ಟಡದ ಉಕ್ಕಿನ ತೊಲೆಗೆ ತಾಗಿತ್ತಂತೆ. ಇಡೀ ಕಟ್ಟಡವೇ ಆಂಟೆನಾ ಆಗಿ ಪಕ್ಕದ ರೇಡಿಯೋ ಕೇಂದ್ರದ ಪ್ರಸಾರ ಕಾಯುವವರ ಕಿವಿಗೆ ಬೀಳತೊಡಗಿತು. ಇದನ್ನೇ ಉಪಾಯವಾಗಿಸಿಕೊಂಡು ಲೆವಿ 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1966ರಲ್ಲಿ ಅದು ಮಂಜೂರಾಯಿತು. ಏನೂ ಕೇಳಿಸದ ರಿಸೀವರ್ ಹಿಡಿದು ಕೂರುವುದು ಬೇಸರದ ಕೆಲಸ, ಜನ ಕರೆಯನ್ನೇ ಕೈಬಿಡುತ್ತಾರೆ ಎಂಬುದು ಅವರ ವಾದವಾಗಿತ್ತು. ಮೌನದಲ್ಲಿ ಬೇಸರದ ಜೊತೆಗೆ ಒಂದು ಆತಂಕವೂ ಇದೆ, ಲೈನ್ ಕಟ್ಟಾಯಿತೇ ಎಂಬುದು. ಸದ್ದು ಬರುತ್ತಿದ್ದರೆ ಆ ಆತಂಕ ಇರುವುದಿಲ್ಲ. ಈ ಆವಿಷ್ಕಾರದ ನಿಜವಾದ ಉಪಕಾರ ಇದೇ.

ದೂರವಾಣಿಯ ತಂತ್ರಜ್ಞಾನ ಮಾತ್ರ ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಸಾಮಾನ್ಯ ಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಜ್ ಕಂಪನಾಂಕವನ್ನಷ್ಟೇ ಸಾಗಿಸುತ್ತದೆ. ಮಾತು ಅರ್ಥವಾಗಲು ಅಷ್ಟು ಸಾಕು. ಮೃದಂಗದ ಗುಮ್ಕಿ, ತಾಳದ ಝಣತ್ಕಾರ ಅದರಲ್ಲಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಅಲ್ಲಿನ ಹಳೆಯ ಕೊಡೆಕ್‌ಗಳು, ಅಂದರೆ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನಗಳು, ಮನುಷ್ಯನ ಗಂಟಲನ್ನು ಮಾದರಿಯಾಗಿಟ್ಟುಕೊಂಡು ಧ್ವನಿಯನ್ನು ಸಂಕುಚಿಸುತ್ತವೆ. ಹಾಗಾಗಿ ಹಲವು ವಾದ್ಯಗಳು ಒಟ್ಟಿಗೆ ನುಡಿದಾಗ ಗೊಗ್ಗರು ಸದ್ದಾಗುತ್ತದೆ, ಮೆಲ್ಲಗಿನ ಭಾಗಗಳು ಒಮ್ಮೊಮ್ಮೆ ಮಾಯವೇ ಆಗುತ್ತವೆ. ಇಂಥ ಲೈನುಗಳಲ್ಲೇ ಜಗತ್ತಿನಲ್ಲಿ ಬಹಳ ಜನರಿಗೆ ಪರಿಚಿತವಾದ ಹೋಲ್ಡ್ ಸಂಗೀತ ‘ಓಪಸ್ ನಂಬರ್ ಒನ್’. 1989ರಲ್ಲಿ ಟಿಮ್ ಕಾರ್ಲ್‌ಟನ್ ಎಂಬ ಹದಿಹರೆಯದ ಹುಡುಗ ಗೆಳೆಯ ಡ್ಯಾರಿಕ್ ಡೀಲ್ ಜೊತೆ ಸೇರಿ ಇದನ್ನು ಧ್ವನಿಮುದ್ರಿಸಿದ. ಡೀಲ್ ಮುಂದೆ ಸಿಸ್ಕೋ ಕಂಪನಿ ಸೇರಿದ ಮೇಲೆ ಅಲ್ಲಿನ ಕಚೇರಿ ದೂರವಾಣಿ ವ್ಯವಸ್ಥೆಯಲ್ಲಿ ಬೇರೆಯದನ್ನು ಆರಿಸದಿದ್ದರೆ ತಾನಾಗಿ ನುಡಿಯುವ ಸಂಗೀತ ಅದೇ ಆಯಿತು.

ಸಂಗೀತವಿದ್ದರೆ ಕಾಲ ಬೇಗ ಸರಿಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಗುರುತಿಸಿದಂತೆ, ಅನುಭವಗಳಿಂದ ತುಂಬಿದ ಹೊತ್ತು ಕಳೆಯುವಾಗ ಚಿಕ್ಕದು, ಹಿಂದಿರುಗಿ ನೆನೆದಾಗ ದೊಡ್ಡದು. ಕಾಯುತ್ತಿರುವಾಗ ಗಮನ ಗಡಿಯಾರದಿಂದ ಸಂಗೀತದತ್ತ ಸರಿದರೆ ಕಾಲ ಕುಗ್ಗುತ್ತದೆ. ಆಮೇಲೆ ‘ಎಷ್ಟು ಹೊತ್ತು ಕಾದಿರಿ?’ ಎಂದು ಕೇಳಿದರೆ ನೆನಪಿನಲ್ಲಿ ಉಳಿದದ್ದೆಲ್ಲ ಲೆಕ್ಕಕ್ಕೆ ಸೇರಿ ಅದೇ ಕಾಲ ಹಿಗ್ಗುತ್ತದೆ. 1992ರಲ್ಲಿ ಸಂಶೋಧಕರಾದ ಜೇಮ್ಸ್ ಕೆಲ್ಲಾರಿಸ್ ಮತ್ತು ರಾಬರ್ಟ್ ಕೆಂಟ್ ಒಂದೇ ಅವಧಿಯ ಸಂಗೀತವನ್ನು ಬೇರೆ ಬೇರೆ ಸ್ವರಶ್ರೇಣಿಗಳಲ್ಲಿ ಕೇಳಿಸಿದಾಗ, ಪಾಶ್ಚಾತ್ಯ ಸಂಗೀತದಲ್ಲಿ ಹರ್ಷಕ್ಕೆ ಒಪ್ಪುವ ಮೇಜರ್ ಶ್ರೇಣಿಯದೇ ಅತಿ ದೀರ್ಘ ಎನಿಸಿತು. ಇಂಪಾದದ್ದು ಹಾಕಿದರೆ ಸಾಕು ಎಂಬ ಲೆಕ್ಕಾಚಾರ ಇಲ್ಲಿ ಕುಸಿಯುತ್ತದೆ. 1999ರಲ್ಲಿ ಏಡ್ರಿಯನ್ ನಾರ್ತ್ ಮತ್ತು ಸಹೋದ್ಯೋಗಿಗಳು ಬೀಟಲ್ಸ್ ಹಾಡುಗಳನ್ನೂ ಅವುಗಳ ಪ್ಯಾನ್ ಪೈಪ್ ರೂಪವನ್ನೂ ಬರೀ ಕ್ಷಮಾಯಾಚನೆಯ ಸಂದೇಶವನ್ನೂ ಹೋಲಿಸಿದರು. ಜನ ಹೆಚ್ಚು ಹೊತ್ತು ಲೈನಿನಲ್ಲಿ ನಿಂತದ್ದು ಪ್ಯಾನ್ ಪೈಪಿಗೆ.

ಎಲ್ಲಕ್ಕಿಂತ ಮುಖ್ಯ ಫಲಿತಾಂಶ ಬಂದದ್ದು ಇಸ್ರೇಲಿನ ಸಂಶೋಧಕಿಯರಾದ ನೀರಾ ಮುನಿಖೋರ್ ಮತ್ತು ಅನತ್ ರಫಾಯೆಲಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಸಂಗೀತ, ಕ್ಷಮಾಯಾಚನೆ, ‘ಸರದಿಯಲ್ಲಿ ನೀವು ಇಷ್ಟನೆಯವರು’ ಎಂಬ ಮಾಹಿತಿ, ಈ ಮೂರರಲ್ಲಿ ಕೊನೆಯದನ್ನು ಕೇಳಿದವರೇ ಅತಿ ಕಡಿಮೆ ಕರೆ ಕಡಿದರು, ಸೇವೆಯ ಬಗ್ಗೆ ಒಳ್ಳೆಯ ಮಾತೂ ಆಡಿದರು. ಸರದಿ ಮುಂದಕ್ಕೆ ಸಾಗುತ್ತಿದೆ ಎಂಬ ಅರಿವೇ ಕಾರಣ. ಅನಿಶ್ಚಿತ ಕಾಯುವಿಕೆ ಹೆಚ್ಚು ಉದ್ದ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ‘ನಿಮ್ಮ ಕರೆ ನಮಗೆ ಮುಖ್ಯ’ ಎಂಬ ಮಾತು ಸಂಗೀತವನ್ನು ತಡೆದು ಮತ್ತೆ ಮತ್ತೆ ಬಂದಾಗ, ಯಾರೋ ಎತ್ತಿದರು ಎಂಬ ಆಸೆ ಹುಟ್ಟಿ ಮರುಕ್ಷಣ ಬತ್ತುತ್ತದೆ. ಅದು ಕಾಯುವವರಿಗೆ ಏನನ್ನೂ ತಿಳಿಸುವುದಿಲ್ಲ. ಸರದಿಯ ಸಂಖ್ಯೆ ಹೇಳುವುದೇ ಕರೆ ಮಾಡಿದವರಿಗೆ ಸಲ್ಲಬೇಕಾದ ಮರ್ಯಾದೆ. ಈಗ ಕೆಲವು ಕಾಲ್ ಸೆಂಟರ್‌ಗಳು ಸರದಿಯ ಜಾಗವನ್ನು ಹಾಗೇ ಕಾದಿರಿಸಿ, ಫೋನ್ ಇಟ್ಟವರಿಗೆ ತಾವೇ ತಿರುಗಿ ಕರೆ ಮಾಡುತ್ತವೆ; ಅಂಥಲ್ಲಿ ಹೋಲ್ಡ್ ಸಂಗೀತವೇ ಬೇಕಾಗಿಲ್ಲ.